ಪೀಪಿ ಟೀಚರ್ ಮತ್ತು ಮೂರು ಸೆಕೆಂಡು

ಆ ಶಾಲೆಯಲ್ಲಿ ಓದಿದ ಯಾರನ್ನು ಕೇಳಿದರೂ ಪೀಪಿ ಟೀಚರ್ ಗೊತ್ತು. ಹಾಜರಿ ಪುಸ್ತಕದಲ್ಲಿ ಅವರಿಗೆ ಬೇರೆ ಹೆಸರಿತ್ತು. ಅದನ್ನು ಬಾಯಿಬಿಟ್ಟು ಕರೆಯುತ್ತಿದ್ದವರು ಶಾಲೆಯ ಗುಮಾಸ್ತರೊಬ್ಬರೇ. ಕುತ್ತಿಗೆಯಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಸ್ಟೀಲಿನ ಪೀಪಿ, ತಲೆಗೆ ಬಟ್ಟೆಯ ಟೋಪಿ, ಕಾಲಿಗೆ ಬಣ್ಣ ಹೋದ ಕ್ಯಾನ್ವಾಸ್ ಬೂಟು. ಮೂವತ್ತು ವರ್ಷ ಆ ಮೈದಾನದ ಬಿಸಿಲು ಕುಡಿದು ಅವರ ಮುಖ ಒಂದು ಬಣ್ಣ, ಟೋಪಿಯ ಕೆಳಗಿನ ಹಣೆ ಇನ್ನೊಂದು ಬಣ್ಣ ಆಗಿತ್ತು. ಮದುವೆಮನೆಗೆ ಹೋದಾಗ ಟೋಪಿ ತೆಗೆದರೆ ಜನ ಎರಡು ಸಲ ನೋಡುತ್ತಿದ್ದರು.

ಓಡುವ ಮಕ್ಕಳನ್ನು ಅವರು ನೋಡುವ ರೀತಿಯೇ ಬೇರೆ. ಉಳಿದವರು ಓಡುವಾಗ ನೋಡಿದರೆ, ಇವರು ಓಟ ಮುಗಿದ ಮೇಲೆ ನೋಡುತ್ತಿದ್ದರು. ಗೆರೆ ದಾಟಿ, ಮಂಡಿ ಹಿಡಿದು, ಬಗ್ಗಿ ನಿಂತು ಏದುಸಿರು ಬಿಡುತ್ತಿರುವ ಮಗುವಿನ ಮುಂದೆ ಹೋಗಿ, "ಹೂಂ, ಹದಿನೇಳರ ಮಗ್ಗಿ ಹೇಳು" ಅನ್ನುತ್ತಿದ್ದರು. ಮಗು ಹದಿನೇಳು, ಮೂವತ್ನಾಲ್ಕು, ಐವತ್ತೊಂದು ಎಂದು ಒದ್ದಾಡುತ್ತಾ ಹೋಗಬೇಕು. ಮಗ್ಗಿಯ ಎಷ್ಟನೇ ಮನೆಗೆ ಉಸಿರು ಸರಿಹೋಯಿತು ಎಂದು ಅವರು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು.

"ಕಾಲು ಎಲ್ರಿಗೂ ಇರತ್ತೆ. ಹೊರಗೆ ಹೋದ ಉಸಿರು ಎಷ್ಟು ಬೇಗ ಮನೆಗೆ ವಾಪಸ್ ಬರತ್ತೆ ಅನ್ನೋದನ್ನ ನೋಡ್ಬೇಕು" ಅನ್ನುವುದು ಅವರ ವಾದ.

ಲೆಕ್ಕದ ಮೇಷ್ಟ್ರು ರೇಗಿಸುತ್ತಿದ್ದರು: "ನನ್ನ ಕ್ಲಾಸಲ್ಲಿ ಕೂತ್ಕೊಂಡು ಹೇಳೋಕೆ ಬರದ ಮಗ್ಗೀನ ನೀವು ಓಡಿಸಿ ಹೇಳಿಸ್ತೀರಲ್ಲ, ನಾನೂ ನಾಳೆಯಿಂದ ಓಡಿಸಿಬಿಡ್ತೀನಿ."

ಇಷ್ಟೆಲ್ಲ ನೋಡಿದರೂ ಕಡೆಗೆ ಅವರು ನಂಬುತ್ತಿದ್ದದ್ದು ಸ್ಟಾಪ್ ವಾಚನ್ನು. ನಂಬದೆ ಏನು ಮಾಡಿಯಾರು? ಅವರ ಗಂಡ ಗಡಿಯಾರ ರಿಪೇರಿ ಮಾಡುವವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆ ತುಂಬ ಊರವರ ಗಡಿಯಾರಗಳು, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಾ ಟಿಕ್ ಟಿಕ್ ಅನ್ನುತ್ತಿದ್ದವು. "ನಮ್ಮನೇಲಿ ಗಂಟೆ ಕೇಳಿದ್ರೆ ಹನ್ನೊಂದು ಉತ್ತರ ಸಿಗತ್ತೆ, ಯಾವುದು ಬೇಕೋ ಆರಿಸ್ಕೊಳ್ಳಿ" ಎಂದು ಅವರು ಗಿರಾಕಿಗಳಿಗೆ ತಮಾಷೆ ಮಾಡುತ್ತಿದ್ದರು. ಆದರೆ ಹೆಂಡತಿಯ ಸ್ಟಾಪ್ ವಾಚಿನ ವಿಷಯದಲ್ಲಿ ತಮಾಷೆ ಇಲ್ಲ. ತಿಂಗಳಿಗೊಂದು ಭಾನುವಾರ ಅದರ ಬೆನ್ನು ಬಿಚ್ಚಿ, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನೋಡಿ, ಒರೆಸಿ, ರೇಡಿಯೋದ ಸಮಯಕ್ಕೆ ತಾಳೆ ಹಾಕಿ ಕೊಡುತ್ತಿದ್ದರು. "ಇದು ತಪ್ಪಿದ ದಿನ ಸೂರ್ಯನೂ ತಡವಾಗಿ ಹುಟ್ತಾನೆ ನೋಡು" ಅನ್ನುತ್ತಿದ್ದರು.

ಸಮಯದ ಬಗ್ಗೆ ಟೀಚರಿಗೆ ಇಷ್ಟು ಕಟ್ಟುನಿಟ್ಟು ಬಂದದ್ದಕ್ಕೆ ಒಂದು ಹಳೆಯ ಗಾಯ ಇತ್ತು. ಅವರೂ ಚಿಕ್ಕಂದಿನಲ್ಲಿ ಎಂಟುನೂರು ಮೀಟರ್ ಓಡಿದವರು. ಅವರ ಮೇಷ್ಟ್ರು ಪ್ರೀತಿಗೆ ಹತ್ತು ಸೆಕೆಂಡು ಕಡಿಮೆ ಬರೆದು ಅವರನ್ನು ದೊಡ್ಡ ಊರಿನ ಆಯ್ಕೆಗೆ ಕಳಿಸಿದ್ದರು. ಅಲ್ಲಿ ಉಳಿದವರೆಲ್ಲ ಗೆರೆ ದಾಟಿ ನೀರು ಕುಡಿಯುತ್ತಿರುವಾಗ ಇವರು ಇನ್ನೂ ತಿರುವಿನಲ್ಲಿದ್ದರು. ಕೊನೆಗೆ ಬಂದು ನಿಂತಾಗ ಕಾಗದ ಹಿಡಿದುಕೊಂಡಿದ್ದ ಒಬ್ಬರು, "ನಿಮ್ಮೂರಲ್ಲಿ ನಿಮಿಷಕ್ಕೆ ಎಷ್ಟು ಸೆಕೆಂಡಮ್ಮ?" ಎಂದು ಕೇಳಿ ನಕ್ಕರು. ಹದಿನೈದು ವರ್ಷದ ಹುಡುಗಿ ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿಗೆ ಮುಖ ಒತ್ತಿಕೊಂಡು ಬಂದಳು. ಆಮೇಲೆ ಓಡಲಿಲ್ಲ. ತಾನು ಟೀಚರಾದರೆ ಯಾವ ಮಗುವನ್ನೂ ಸುಳ್ಳಿನ ಮೇಲೆ ಕಳಿಸುವುದಿಲ್ಲ ಎಂದು ಆ ಬಸ್ಸಿನಲ್ಲೇ ತೀರ್ಮಾನ ಮಾಡಿದ್ದಳು. ಆ ತೀರ್ಮಾನವನ್ನು ಒಂದು ದಿನವೂ ಮುರಿಯಲಿಲ್ಲ. ಮುರಿದಿದ್ದರೆ ಒಳ್ಳೆಯದಿತ್ತೋ ಏನೋ.

ಕಡ್ಡಿ ಅವರ ಕಣ್ಣಿಗೆ ಬಿದ್ದದ್ದು ಒಂಬತ್ತನೇ ತರಗತಿಯಲ್ಲಿ. ತೆಳ್ಳಗೆ, ಉದ್ದಕ್ಕೆ, ಎರಡು ಜಡೆ. ಸಮವಸ್ತ್ರ ಅವಳ ಮೈಮೇಲೆ ಹ್ಯಾಂಗರಿಗೆ ತೂಗುಹಾಕಿದ ಹಾಗೆ ಇರುತ್ತಿತ್ತು. ಕಡ್ಡಿ ಎಂದು ಮಕ್ಕಳೇ ಇಟ್ಟ ಹೆಸರು. ಅವಳಿಗೆ ಬೇಜಾರಿರಲಿಲ್ಲ, ತನ್ನ ನೋಟ್‌ಬುಕ್ಕಿನ ಮೇಲೂ ಒಮ್ಮೆ ಹಾಗೇ ಬರೆದುಕೊಂಡಿದ್ದಳು. ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಅಪ್ಪ ಇರಲಿಲ್ಲ. ಮನೆಯಲ್ಲಿ ಅಜ್ಜಿ, ಕಡ್ಡಿ, ಇಬ್ಬರು ತಂಗಿಯರು.

ಎಂಟುನೂರು ಮೀಟರ್ ಎಂದರೆ ಶಾಲೆಯ ಮೈದಾನದಲ್ಲಿ ನಾಲ್ಕು ಸುತ್ತು. ಮೊದಲ ಎರಡು ಸುತ್ತನ್ನು ಯಾರು ಬೇಕಾದರೂ ಓಡುತ್ತಾರೆ. ನಾಲ್ಕನೆಯದನ್ನು ಮಾನಕ್ಕೆ ಅಂಜಿಯಾದರೂ ಓಡುತ್ತಾರೆ. ಮೂರನೆಯ ಸುತ್ತು ಮಾತ್ರ ಯಾರಿಗೂ ಬೇಡವಾದದ್ದು. ಅಲ್ಲಿ ಚಪ್ಪಾಳೆಯಿಲ್ಲ, ಕೊನೆಯ ಗೆರೆ ಕಾಣುವುದಿಲ್ಲ, ಎದೆ ಉರಿಯುತ್ತಿರುತ್ತದೆ. ಕಡ್ಡಿ ಆ ಮೂರನೆಯ ಸುತ್ತಿನಲ್ಲೇ ಎಚ್ಚರವಾಗುತ್ತಿದ್ದಳು. ಅಲ್ಲಿಯವರೆಗೆ ಹಿಂದೆ ಎಲ್ಲೋ ಇದ್ದವಳು, ಮರೆತ ಪುಸ್ತಕ ತರಲು ಹೋಗುವವಳ ಹಾಗೆ, ಗಡಿಬಿಡಿಯಿಲ್ಲದೆ ಒಬ್ಬೊಬ್ಬರನ್ನೇ ದಾಟುತ್ತಾ ಬರುತ್ತಿದ್ದಳು. ಓಟ ಮುಗಿದ ಮೇಲೆ ಹದಿನೇಳರ ಮಗ್ಗಿಯಲ್ಲಿ ನಾಲ್ಕನೇ ಮನೆಗೇ ಉಸಿರು ಸರಿಹೋಗುತ್ತಿತ್ತು. ಟೀಚರ್ ಪುಸ್ತಕದಲ್ಲಿ ಅಷ್ಟು ಬೇಗ ಯಾರದ್ದೂ ಬರೆದಿರಲಿಲ್ಲ.

"ಇವಳು ಬೇರೆ ಕಣ್ರೀ" ಎಂದು ಸಂಜೆ ಗಂಡನಿಗೆ ಹೇಳಿದರು.

"ವಾಚ್ ಏನನ್ನತ್ತೆ?" ಎಂದರು ಗಂಡ, ಮಸೂರ ತೆಗೆಯದೆ.

ವಾಚು ಎರಡು ನಿಮಿಷ ಇಪ್ಪತ್ತೇಳು ಸೆಕೆಂಡು ಅಂದಿತ್ತು. ಒಂದು ವರ್ಷ ದುಡಿಸಿದ ಮೇಲೆ ಇಪ್ಪತ್ತನಾಲ್ಕಕ್ಕೆ ಬಂತು. ಹತ್ತನೇ ತರಗತಿಯ ಮಧ್ಯದಲ್ಲಿ ಇಪ್ಪತ್ತಮೂರಕ್ಕೆ ಬಂದು ಅಲ್ಲೇ ಅಂಟಿಕೊಂಡಿತು.

ದೊಡ್ಡ ಊರಿನ ಕ್ರೀಡಾ ಹಾಸ್ಟೆಲಿನಿಂದ ಪ್ರತಿ ವರ್ಷ ಒಂದು ಅರ್ಜಿ ಬರುತ್ತಿತ್ತು. ಅಲ್ಲಿ ಸೇರಿದ ಮಕ್ಕಳಿಗೆ ಊಟ, ಓದು, ತರಬೇತಿ ಎಲ್ಲ ಅವರದೇ. ಅರ್ಜಿಯಲ್ಲಿ ಮಗುವಿನ ಸಮಯ ಬರೆದು ಟೀಚರ್ ಸಹಿ ಹಾಕಬೇಕು. ಹುಡುಗಿಯರ ಎಂಟುನೂರಕ್ಕೆ ಎರಡು ನಿಮಿಷ ಇಪ್ಪತ್ತು ಸೆಕೆಂಡು ಗಡಿ. ಅದಕ್ಕಿಂತ ಹೆಚ್ಚಾದರೆ ಆಯ್ಕೆಗೆ ಕರೆಯುವುದೇ ಇಲ್ಲ.

ಮೂರು ಸೆಕೆಂಡು. ಒಂದು ಸಲ ಸೀನಿ ಮೂಗು ಒರೆಸಿಕೊಳ್ಳುವಷ್ಟು ಹೊತ್ತು.

ಅರ್ಜಿಯ ಕೊನೆಯ ದಿನಕ್ಕೆ ಎರಡು ವಾರ ಇರುವಾಗ ಪಕ್ಕದ ಊರಿನಲ್ಲಿ ಅಂತರ ಶಾಲಾ ಪಂದ್ಯ ನಡೆಯಿತು. ಟೀಚರನ್ನು ಉದ್ದ ಜಿಗಿತದ ಮರಳಗುಂಡಿಯ ಹತ್ತಿರ ತೀರ್ಪುಗಾರರಾಗಿ ಕೂರಿಸಿದ್ದರು. ಕಡ್ಡಿಯ ಓಟ ನಡೆದಾಗ ಅವರ ವಾಚು ಅವರ ಜೇಬಿನಲ್ಲೇ ಇತ್ತು. ಕಡ್ಡಿ ಗೆದ್ದಳು. ಓಡಿ ಬಂದು, "ಟೀಚರ್, ಎರಡು ಹತ್ತೊಂಬತ್ತಂತೆ! ಆ ಸರ್ ಹೇಳಿದ್ರು!" ಎಂದು ಕೂಗಿದಳು. ಪ್ರಶಸ್ತಿ ಪತ್ರದಲ್ಲಿ ಸ್ಥಾನ ಮಾತ್ರ ಬರೆದಿದ್ದರು, ಸಮಯ ಇರಲಿಲ್ಲ.

ಟೀಚರ್ ಹೋಗಿ, ಓಟದ ಸಮಯ ಹಿಡಿದಿದ್ದ ಆ ಸರ್ ಕೈಯಲ್ಲಿದ್ದ ವಾಚನ್ನು ನೋಡಿದರು. ಪ್ಲಾಸ್ಟಿಕ್ಕಿನದು. ಗುಂಡಿ ಒತ್ತಿದರೆ ಒಮ್ಮೆ ಕೇಳುತ್ತಿತ್ತು, ಒಮ್ಮೆ ಕೇಳುತ್ತಿರಲಿಲ್ಲ. ಮನೆಗೆ ಬಂದು ಗಂಡನಿಗೆ ಹೇಳಿದಾಗ ಅವರು ಜೋರಾಗಿ ನಕ್ಕರು.

"ಅದನ್ನ ವಾಚು ಅಂತಾರಾ? ನನ್ನ ಅಂಗಡಿಗೆ ಬಂದ್ರೆ ಹೊರಗೇ ನಿಲ್ಲಿಸ್ತೀನಿ. ಐದು ಸೆಕೆಂಡು ಆಚೆ ಈಚೆ ಅದಕ್ಕೆ ಮಾಮೂಲು."

ಟೀಚರಿಗೂ ಹಾಗೇ ಅನ್ನಿಸಿತ್ತು. ಆದರೂ ಮನಸ್ಸು ತಡೆಯದೆ ಮರುವಾರ ಶಾಲೆಯ ಮೈದಾನದಲ್ಲಿ ಕಡ್ಡಿಯನ್ನು ಒಂದು ದಿನ ಬಿಟ್ಟು ಒಂದು ದಿನ ಮೂರು ಸಲ ಓಡಿಸಿದರು. ಇಪ್ಪತ್ತಮೂರು. ಇಪ್ಪತ್ತಮೂರೂವರೆ. ಮತ್ತೆ ಇಪ್ಪತ್ತಮೂರು. ವಾಚನ್ನು ಕಡ್ಡಿಗೇ ತೋರಿಸಿದರು. ಅವಳು ಅದನ್ನು ಬಗ್ಗಿ ನೋಡಿದಳು, ಬೆವರು ಗಾಜಿನ ಮೇಲೆ ತೊಟ್ಟಿಕ್ಕಿತು.

ಹೆಡ್ ಮೇಷ್ಟ್ರು ಕರೆಸಿದರು. "ಹತ್ತೊಂಬತ್ತು ಅಂತ ಬರೀರಿ ಟೀಚರ್. ಅಲ್ಲಿಂದ ಯಾರು ಅಳೆಯೋಕೆ ಬರ್ತಾರೆ? ನಮ್ಮ ಶಾಲೆ ಹೆಸರೂ ಬರತ್ತೆ."

"ಅಲ್ಲಿ ಹೋಗಿ ಓಡೋದು ಆ ಮಗು ಸರ್, ನಾವಲ್ಲ."

"ಒಂದು ಅಂಕಿ ಬದಲಾಯಿಸಿದ್ರೆ ನಿಮ್ಮ ಕೈ ಬಿದ್ದುಹೋಗಲ್ಲ."

"ಬಿದ್ದುಹೋದ್ರೂ ಬರೆಯಲ್ಲ" ಎಂದು ಟೀಚರ್ ಎದ್ದು ಬಂದರು.

ಆ ಶನಿವಾರ ಕಡ್ಡಿಯ ಅಮ್ಮ ಶಾಲೆಗೆ ಬಂದರು. ಕೈಗಳು ನೀರಿನಲ್ಲಿ ನೆಂದು ಬೆಳ್ಳಗೆ ಸುಕ್ಕಾಗಿದ್ದವು. ಬ್ಲೀಚಿಂಗ್ ಪುಡಿಯ ವಾಸನೆ ಮೊದಲು ಬಂತು, ಆಮೇಲೆ ಅವರು ಬಂದರು. ಆಟದ ಸಾಮಾನಿನ ಕೋಣೆಯಲ್ಲಿ ಬೆಂಚಿನ ತುದಿಗೆ ಕೂತರು. ಕಡ್ಡಿ ಬಾಗಿಲಿಗೆ ಒರಗಿ ನಿಂತಳು.

"ಟೀಚರ್, ನಾನು ಓದಿದವಳಲ್ಲ. ನಂಗೆ ಸುತ್ತಿ ಬಳಸಿ ಹೇಳಬೇಡಿ. ಇವಳು ಮುಂದೆ ಬರ್ತಾಳಾ, ಇಲ್ವಾ? ಬರ್ತಾಳೆ ಅಂದ್ರೆ ಇನ್ನೆರಡು ವರ್ಷ ನಾನು ಹೇಗೋ ಜಗ್ತೀನಿ, ಇವಳು ಓಡಲಿ. ಇಲ್ಲ ಅಂದ್ರೆ ನಮ್ಮ ಲಾಂಡ್ರಿಲಿ ಒಂದು ಜಾಗ ಖಾಲಿ ಇದೆ. ಇವತ್ತಲ್ಲ ನಾಳೆ ಬೇರೆಯವರು ಬಂದುಬಿಡ್ತಾರೆ."

ಮಕ್ಕಳ ವಿಷಯದಲ್ಲಿ ಯಾರಾದರೂ ಒಬ್ಬರು ಖಚಿತವಾಗಿ ಒಂದು ಮಾತು ಹೇಳಿಬಿಡಲಿ ಎಂದು ತಾಯಂದಿರು ಒಳಗೊಳಗೇ ಬೇಡುತ್ತಿರುತ್ತಾರೆ. ಆ ಮಾತು ಕಹಿಯಾದರೂ ಪರವಾಗಿಲ್ಲ, ಗೊತ್ತಿಲ್ಲ ಎನ್ನುವುದಕ್ಕಿಂತ ಅದೇ ವಾಸಿ ಎನ್ನಿಸುತ್ತದೆ. ಟೀಚರಿಗೆ ಅದು ಅರ್ಥವಾಗುತ್ತಿತ್ತು. ಅವರ ಕಣ್ಣು ಒಂದು ಹೇಳುತ್ತಿತ್ತು, ಕೈಯಲ್ಲಿದ್ದ ವಾಚು ಇನ್ನೊಂದು ಹೇಳುತ್ತಿತ್ತು. ಕಣ್ಣು ಪ್ರೀತಿಗೆ ಸುಳ್ಳು ಹೇಳುತ್ತದೆ, ತಮ್ಮ ಮೇಷ್ಟ್ರ ಕಣ್ಣು ಹೇಳಿತ್ತಲ್ಲ? ಅವರು ವಾಚಿನ ಕಡೆ ನಿಂತರು.

"ಚೆನ್ನಾಗಿ ಓಡ್ತಾಳಮ್ಮ. ನಮ್ಮ ಶಾಲೆ ಮಟ್ಟಿಗೆ ಇವಳನ್ನ ಬಿಟ್ರೆ ಇಲ್ಲ. ಆದ್ರೆ... ಅಷ್ಟು ದೂರ ಹೋಗೋ ಓಟ ಅಲ್ಲ ಇದು. ಎಷ್ಟೋ ವಾರದಿಂದ ನಿಂತಲ್ಲೇ ನಿಂತಿದೆ."

ಅಮ್ಮ ತಮ್ಮ ಅಂಗೈ ನೋಡಿಕೊಂಡರು. "ಒಳ್ಳೇದಾಯ್ತು ಟೀಚರ್, ಹೇಳಿದ್ರಲ್ಲ" ಎಂದು ಎದ್ದರು. ಕಡ್ಡಿ ಓಟದ ಸ್ಪೈಕ್ ಬೂಟುಗಳನ್ನು ಶಾಲೆಯದು ಎಂದು ಒರೆಸಿ, ಒಂದರೊಳಗೆ ಒಂದರ ದಾರ ತುರುಕಿ, ಕಪಾಟಿನಲ್ಲಿ ಅದರ ಜಾಗದಲ್ಲಿ ಇಟ್ಟು ಹೋದಳು. ಪರೀಕ್ಷೆ ಮುಗಿದ ಮೇಲೆ ಲಾಂಡ್ರಿ ಸೇರಿದಳೆಂದು ಯಾರೋ ಹೇಳಿದರು.

ಆರು ವರ್ಷ ಕಳೆಯಿತು. ಟೀಚರ್ ನಿವೃತ್ತಿಗೆ ಇನ್ನೊಂದು ವರ್ಷ ಉಳಿದಿತ್ತು. ಶಾಲೆಗೆ ಕಾಂಪೌಂಡ್ ಗೋಡೆ ಕಟ್ಟಲು ಒಬ್ಬ ಮೇಸ್ತ್ರಿ ಬಂದ. ಉದ್ದನೆಯ ಸ್ಟೀಲ್ ಟೇಪು ಹಿಡಿದು ಮೈದಾನವೆಲ್ಲ ಅಳೆಯುತ್ತಾ ಬಂದವನು, ಸುಣ್ಣದ ಗೆರೆಯ ಹತ್ತಿರ ನಿಂತು ಕೇಳಿದ:

"ಟೀಚರ್, ಈ ನೇರ ಗೆರೆ ಎಷ್ಟು ಮೀಟರ್ ಅಂತ ಹಾಕಿದೀರಾ?"

"ಐವತ್ತು. ಎರಡು ನೇರ, ಎರಡು ತಿರುವು, ನಾಲ್ಕೂ ಐವತ್ತೈವತ್ತು. ಒಂದು ಸುತ್ತು ಇನ್ನೂರು."

"ಇದು ಐವತ್ತೊಂದೂವರೆ ಇದೆಯಲ್ಲ."

"ಸರಿಯಾಗಿ ನೋಡಪ್ಪಾ. ನನ್ನದು ಸರ್ಕಾರಿ ಅಳತೆ."

"ನನ್ನ ಟೇಪು ಸುಳ್ಳು ಹೇಳಲ್ಲ ಟೀಚರ್. ನಾನು ಬೇಕಾದ್ರೆ ಹೇಳ್ತೀನಿ, ನನ್ನ ಹೆಂಡತೀನ ಕೇಳಿ" ಎಂದು ಅವನು ನಕ್ಕ.

ಟೀಚರೂ ನಕ್ಕರು. ನಗುತ್ತಲೇ ಸಾಮಾನಿನ ಕೋಣೆಗೆ ಹೋಗಿ ಅಳತೆಯ ಹಗ್ಗ ತಂದರು.

ಆ ಹಗ್ಗದ ಕಥೆ ಹೇಳಬೇಕು. ಟೀಚರ್ ಕೆಲಸಕ್ಕೆ ಸೇರಿದ ಹೊಸದರಲ್ಲಿ, ರಸ್ತೆ ಅಳೆಯಲು ಬಂದಿದ್ದ ಒಬ್ಬ ಸರ್ವೆಯರ್ ತನ್ನ ಟೇಪಿನಿಂದ ಅಳೆದು, ಒಂದು ನೈಲಾನ್ ಹಗ್ಗಕ್ಕೆ ಎರಡು ಕಡೆ ಕೆಂಪು ಬಟ್ಟೆಯ ಗಂಟು ಹಾಕಿ ಕೊಟ್ಟಿದ್ದ. ಒಂದು ಗಂಟು ನೇರ ಗೆರೆಗೆ, ಇನ್ನೊಂದು ತಿರುವಿನ ಅರ್ಧವೃತ್ತ ಎಳೆಯುವುದಕ್ಕೆ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಗೂಟ ಹೊಡೆದು, ಆ ಹಗ್ಗ ಹಿಡಿದು, ಸುಣ್ಣ ಸುರಿದು ಟೀಚರ್ ಮೈದಾನ ಬರೆಯುತ್ತಿದ್ದರು. ಬೇರೆ ಯಾರಿಗೂ ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ.

ಮೇಸ್ತ್ರಿಯ ಟೇಪಿನ ಪಕ್ಕ ಹಗ್ಗವನ್ನು ಹಾಸಿದರು. ತಿರುವಿನ ಅರ್ಧವೃತ್ತಕ್ಕೆ ತ್ರಿಜ್ಯವಾಗಿದ್ದ ಕೆಂಪು ಗಂಟು ಹದಿನಾರು ಮೀಟರಿನ ಈಚೆ ಇರಬೇಕಾದದ್ದು ಆಚೆ ಇತ್ತು. ನೇರ ಗೆರೆಯದು ಐವತ್ತನ್ನು ದಾಟಿ ಒಂದೂವರೆ ಮೀಟರು ಮುಂದೆ ಮಲಗಿತ್ತು. ಹಗ್ಗ ಹಿಗ್ಗಿತ್ತು.

ಟೀಚರ್ ಅಲ್ಲೇ ಮಣ್ಣಿನ ಮೇಲೆ ಕೂತರು. ಯಾವಾಗ ಎಂದು ಯೋಚಿಸುವ ಅಗತ್ಯವೇ ಬೀಳಲಿಲ್ಲ. ಎಂಟೊಂಬತ್ತು ವರ್ಷದ ಹಿಂದೆ, ಶಾಲೆಯ ಆಟದ ದಿನ, ಹಗ್ಗ ಜಗ್ಗಾಟದ ಮಧ್ಯೆ ದಪ್ಪ ಹಗ್ಗ ಪಟ್ಟನೆ ಕಿತ್ತುಹೋಗಿತ್ತು. ಮೇಷ್ಟ್ರುಗಳಿಗೂ ಹತ್ತನೇ ತರಗತಿಗೂ ಪಂದ್ಯ. ಇಡೀ ಶಾಲೆ ಕೇಕೆ ಹಾಕುತ್ತಿತ್ತು. "ಟೀಚರ್, ನಿಮ್ಮ ಹಗ್ಗ ಕೊಡಿ! ಇದೊಂದ್ಸಲ! ಪ್ಲೀಸ್ ಟೀಚರ್!" ಎಂದು ಮಕ್ಕಳು ಮುತ್ತಿಕೊಂಡಿದ್ದರು. ಅವರೂ ಆವತ್ತು ಖುಷಿಯಲ್ಲಿದ್ದರು. ಅಳತೆಯ ಹಗ್ಗವನ್ನು ಎರಡು ಮಡಿಕೆ ಮಾಡಿ ಕೊಟ್ಟರು. ಈ ಕಡೆ ಹದಿನೈದು ಜನ, ಆ ಕಡೆ ಹದಿನೈದು ಜನ. ಮೇಷ್ಟ್ರುಗಳು ಸೋತು ಒಬ್ಬರ ಮೇಲೊಬ್ಬರು ಬಿದ್ದರು, ಲೆಕ್ಕದ ಮೇಷ್ಟ್ರ ಪ್ಯಾಂಟು ಹರಿಯಿತು, ಎಲ್ಲರಿಗಿಂತ ಹೆಚ್ಚು ನಕ್ಕವರು ಪೀಪಿ ಟೀಚರೇ. ಸಂಜೆ ಹಗ್ಗವನ್ನು ಸುತ್ತಿ ಮೊಳೆಗೆ ತೂಗುಹಾಕಿದರು. ಅದರ ಮರುವರ್ಷ ಕಡ್ಡಿ ಒಂಬತ್ತನೇ ತರಗತಿಗೆ ಬಂದಳು.

ಆಮೇಲಿನ ಮಕ್ಕಳೆಲ್ಲ ನಿಧಾನವಾದದ್ದು ಅವರಿಗೆ ಕಾಣಲಿಲ್ಲವೇ? ಕಂಡಿತ್ತು. "ಈಗಿನ ಮಕ್ಕಳಿಗೆ ಕಾಲೇ ಇಲ್ಲ, ಬರೀ ಹೆಬ್ಬೆರಳು, ಮೊಬೈಲ್ ಒತ್ತೋಕೆ" ಎಂದು ವರ್ಷ ವರ್ಷವೂ ಗೊಣಗಿದ್ದರು. ತಿಂಗಳಿಗೊಮ್ಮೆ ವಾಚಿನ ಬೆನ್ನು ಬಿಚ್ಚಿಸಿ ನೋಡಿಸಿದ್ದರು. ಹಗ್ಗವನ್ನು ಅಳೆಯಬೇಕು ಎಂದು ಮಾತ್ರ ಒಂದು ದಿನವೂ ಹೊಳೆಯಲಿಲ್ಲ. ಅಳೆಯುವ ವಸ್ತುವನ್ನೇ ಯಾರು ಅಳೆಯುತ್ತಾರೆ?

ಮನೆಗೆ ಬಂದು ಹಳೆಯ ಪುಸ್ತಕಗಳನ್ನೆಲ್ಲ ಅಂಗಡಿಯ ಮೇಜಿನ ಮೇಲೆ ಸುರಿದರು. ಗಂಡ ಮಸೂರ ತೆಗೆದಿಟ್ಟು, ಪೆನ್ಸಿಲ್ ಹಿಡಿದರು. ಒಂದು ಸುತ್ತು ಇನ್ನೂರಾರು. ನಾಲ್ಕು ಸುತ್ತು ಎಂಟುನೂರ ಇಪ್ಪತ್ತನಾಲ್ಕು. ಕಡ್ಡಿ ಅಷ್ಟನ್ನು ಓಡಿದ್ದು ಎರಡು ಇಪ್ಪತ್ತಮೂರಕ್ಕೆ. ಹಾಗಾದರೆ ಎಂಟುನೂರಕ್ಕೆ? ಅವರು ಭಾಗಿಸಿದರು. ಇನ್ನೊಮ್ಮೆ ಭಾಗಿಸಿದರು. ಕಾಗದವನ್ನು ಹೆಂಡತಿಯ ಕಡೆ ತಿರುಗಿಸದೆ ಹಾಗೇ ಕೂತರು.

"ಎಷ್ಟು ಬಂತು?"

"ಎರಡು ಹದಿನೆಂಟು. ಮೇಲೆ ಚೂರು."

ಗೋಡೆಯ ಮೇಲೆ ಹನ್ನೊಂದು ಗಡಿಯಾರಗಳು ಟಿಕ್ ಟಿಕ್ ಅನ್ನುತ್ತಿದ್ದವು. ಟೀಚರ್ ಉಳಿದ ಪುಟಗಳನ್ನೂ ತಿರುವಿಹಾಕಿದರು, ಬೇರೆ ಯಾವ ಮಗುವೂ ಗಡಿಯ ಹತ್ತಿರ ಸುಳಿದಿರಲಿಲ್ಲ. ಅವಳೊಬ್ಬಳೇ.

"ಆ ಪ್ಲಾಸ್ಟಿಕ್ ವಾಚು..." ಎಂದರು ಗಂಡ. ಪೆನ್ಸಿಲ್ ಕೆಳಗಿಟ್ಟು, "ನಾನು ನಕ್ಕೆ ಕಣೇ" ಎಂದರು.

ಹೆಡ್ ಮೇಷ್ಟ್ರು ಹೇಳಿದ ಸುಳ್ಳನ್ನು ಬರೆದಿದ್ದರೆ ಅದು ಸುಳ್ಳೇ ಆಗುತ್ತಿರಲಿಲ್ಲ. ಟೀಚರ್ ಹಟ ಹಿಡಿದು ಬರೆದ ಸತ್ಯ ಮಾತ್ರ ಸುಳ್ಳಾಗಿತ್ತು.

"ಹೋಗಿ ಹೇಳ್ತೀನಿ" ಎಂದರು ಟೀಚರ್.

"ಹೇಳಿ ಏನು ಮಾಡ್ತೀಯ? ಅವಳಿಗೀಗ ಇಪ್ಪತ್ತೆರಡು ವರ್ಷ. ಆ ಹಾಸ್ಟೆಲ್ ಇವತ್ತು ಕರೆಯತ್ತಾ? ನಿನ್ನ ಎದೆ ಹಗುರ ಆಗ್ಲಿ ಅಂತ ಅವಳ ಎದೆ ಮೇಲೆ ಕಲ್ಲು ಹೇರ್ತೀಯಾ?"

"ಅವಳು ತನ್ನ ಕಾಲು ಸಾಲದು ಅಂದ್ಕೊಂಡಿದಾಳೆ ಕಣ್ರೀ. ಜೀವನಪೂರ್ತಿ ಹಾಗೇ ಅಂದ್ಕೊಂಡಿರಲಾ?"

"ಅಂದ್ಕೊಂಡು ನೆಮ್ಮದಿಯಾಗಿದ್ರೆ?"

ಟೀಚರ್ ಒಂದು ವಾರ ಆಸ್ಪತ್ರೆಯ ಕಡೆ ಹೋಗಲಿಲ್ಲ.

ಆ ವಾರದಲ್ಲಿ ಮೇಸ್ತ್ರಿಯ ಟೇಪು ಹಿಡಿದು ಮೈದಾನವನ್ನು ಹೊಸದಾಗಿ ಬರೆದರು. ಸೋಮವಾರ ಮಕ್ಕಳನ್ನು ಓಡಿಸಿದರೆ ಎಲ್ಲರೂ ನಾಲ್ಕು ನಾಲ್ಕು, ಐದೈದು ಸೆಕೆಂಡು ಬೇಗ ಬಂದರು. ಒಂಬತ್ತನೇ ತರಗತಿಯ ಒಬ್ಬಳು ವಾಚು ನೋಡಿ ಕಿರುಚಿದಳು, ಉಳಿದವರು ಅವಳನ್ನು ಎತ್ತಿಕೊಂಡು ಕುಣಿದರು. "ಟೀಚರ್, ನಾವು ಜೋರಾಗಿಬಿಟ್ವಿ! ಎಲ್ರೂ ಒಂದೇ ದಿನ ಜೋರಾಗಿಬಿಟ್ವಿ!" ಟೀಚರ್ ಪೀಪಿಯನ್ನು ಬಾಯಲ್ಲಿಟ್ಟುಕೊಂಡೇ ನಿಂತಿದ್ದರು, ಊದಲಿಲ್ಲ. ಶಾಲೆ ಬಿಟ್ಟ ಮೇಲೆ ಮನೆಗೆ ಹೋಗದೆ ನೇರ ಆಸ್ಪತ್ರೆಯ ಕಡೆ ನಡೆದರು.

ಲಾಂಡ್ರಿ ಆಸ್ಪತ್ರೆಯ ಹಿಂಭಾಗದಲ್ಲಿತ್ತು. ಬಾಗಿಲು ತೆರೆದರೆ ಹಬೆ ಮುಖಕ್ಕೆ ಹೊಡೆಯಿತು. ಒಂದು ಕಡೆ ಗುಡಾಣದಂಥ ಒಗೆಯುವ ಯಂತ್ರಗಳು ಗಡಗಡ ಅನ್ನುತ್ತಿದ್ದವು, ಇನ್ನೊಂದು ಕಡೆ ಉದ್ದನೆಯ ಮೇಜಿನ ಮೇಲೆ ಬಿಳಿ ಹಾಸಿಗೆಬಟ್ಟೆಗಳ ರಾಶಿ. ಕಡ್ಡಿ ಅಲ್ಲಿದ್ದಳು. ಈಗ ಕಡ್ಡಿಯಾಗಿರಲಿಲ್ಲ, ಭುಜ ಅಗಲವಾಗಿತ್ತು, ಎರಡು ಜಡೆ ಹೋಗಿ ಒಂದು ಗಂಟು ಆಗಿತ್ತು. ಟೀಚರನ್ನು ನೋಡಿದ್ದೇ ಕೈ ಒರೆಸಿಕೊಂಡು ಬಂದಳು.

"ಟೀಚರ್! ನೀವಿಲ್ಲಿ? ಯಾರಿಗೇನಾಯ್ತು?"

"ಯಾರಿಗೂ ಏನಿಲ್ಲ. ನಿನ್ನ ಹತ್ರ ಒಂದು ಮಾತಾಡಬೇಕಿತ್ತು."

ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಹಬೆಯಲ್ಲಿ ಹೋಯಿತು. ಹಗ್ಗ, ಜಗ್ಗಾಟ, ಮೇಸ್ತ್ರಿ, ಟೇಪು ಎಲ್ಲ ಹಿಂದು ಮುಂದಾಗಿ ಬಂತು. ಕಡ್ಡಿ ಮಧ್ಯೆ ಬಾಯಿ ಹಾಕದೆ ಕೇಳಿದಳು. ಎಲ್ಲ ಮುಗಿದ ಮೇಲೆ ಒಂದೇ ಕೇಳಿದಳು:

"ಹಾಗಾದ್ರೆ ನಂದು ಎಷ್ಟು?"

"ಎರಡು ಹದಿನೆಂಟು."

ಅವಳ ಕೈ ಮೇಜಿನ ಮೇಲಿನ ಬಟ್ಟೆಯ ಸುಕ್ಕನ್ನು ಒಂದು ಸಲ ಸವರಿ ನೇರ ಮಾಡಿತು. ಆಮೇಲೆ ಅದೇ ಜಾಗವನ್ನು ಮತ್ತೆ ಸವರಿತು.

"ಲಾಂಡ್ರಿ ಸೇರಿದ ಮೇಲೆ ನಾನು ಓಡೋದು ಬಿಟ್ಟೆ ಅಂದ್ಕೊಂಡ್ರಾ ಟೀಚರ್?" ಎಂದಳು. "ಎರಡು ವರ್ಷ ಬಿಟ್ಟಿರಲಿಲ್ಲ. ಬೆಳಗ್ಗೆ ಶಾಲೆ ತೆಗೆಯೋಕೆ ಮುಂಚೆ ಗೇಟ್ ಹಾರಿ ಬರ್ತಿದ್ದೆ. ನಿಮ್ಮ ಗೆರೆ ಮೇಲೇ ಓಡ್ತಿದ್ದೆ, ಮೊಬೈಲ್‌ನಲ್ಲಿ ಸಮಯ ಇಟ್ಕೊಂಡು. ಆ ಮೂರು ಸೆಕೆಂಡು ಕಳೆದುಬಿಟ್ರೆ ನಿಮ್ಮ ಮುಂದೆ ಬಂದು ನಿಲ್ಲೋಣ ಅಂತ. ಇಪ್ಪತ್ತೊಂದರವರೆಗೂ ಬಂತು. ಇಪ್ಪತ್ತು ಬರಲೇ ಇಲ್ಲ. ಎಷ್ಟು ಒದ್ದಾಡಿದ್ರೂ ಬರಲಿಲ್ಲ. ಆಮೇಲೆ, ಟೀಚರ್ ಹೇಳಿದ್ದೇ ಸರಿ, ನಂದು ಇಷ್ಟೇ ಅಂತ ಬಿಟ್ಟೆ."

ಉದ್ದವಾಗಿದ್ದ ಆ ಗೆರೆಯ ಮೇಲೆ, ಮಂಜಿನಲ್ಲಿ, ಯಾರೂ ನೋಡದ ಮೂರನೆಯ ಸುತ್ತನ್ನು ಅವಳೊಬ್ಬಳೇ ಓಡುತ್ತಿದ್ದದ್ದು ಟೀಚರ ಕಣ್ಣಿಗೆ ಕಟ್ಟಿತು. ಇಪ್ಪತ್ತೊಂದು ಅಂದರೆ ನಿಜಕ್ಕೆ ಹದಿನೇಳರ ಒಳಗೆ. ಆ ಲೆಕ್ಕವನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಅವಳಿಗೂ ಲೆಕ್ಕ ಬರುತ್ತಿತ್ತು.

"ನನ್ನನ್ನ ಬೈಯಮ್ಮ. ಏನಾದ್ರೂ ಅನ್ನು" ಎಂದರು.

"ಬೈದ್ರೆ ಏನು ಬರತ್ತೆ ಟೀಚರ್." ಅವಳು ಮುಖ ಆ ಕಡೆ ತಿರುಗಿಸಿಕೊಂಡಿದ್ದಳು. ಬೆನ್ನು ಏರಿ ಇಳಿಯುತ್ತಿತ್ತು. ಮೂವತ್ತು ವರ್ಷದ ಅಭ್ಯಾಸಕ್ಕೆ ಟೀಚರ್ ಒಳಗೇ ಎಣಿಸಲು ಶುರು ಮಾಡಿದರು, ಹದಿನೇಳು, ಮೂವತ್ನಾಲ್ಕು, ಐವತ್ತೊಂದು, ಅರವತ್ತೆಂಟು. ಕೊನೆಯ ಮನೆಯವರೆಗೆ ಎಣಿಸಿದರೂ ಆ ಉಸಿರು ಸರಿಹೋಗಲಿಲ್ಲ.

ಆಮೇಲೆ ಅವಳೇ ತಿರುಗಿದಳು. "ಒಂದು ಕೇಳ್ತೀನಿ. ಅಮ್ಮಂಗೆ ಇದು ಗೊತ್ತಾಗೋದು ಬೇಡ. ಖಾಲಿ ಇದ್ದ ಜಾಗಕ್ಕೆ ನನ್ನ ಕರ್ಕೊಂಡು ಬಂದವಳು ಅವಳು. ನಿಮ್ಮ ತಪ್ಪು ಅಂತ ನಾನು ಅಂದ್ಕೋತೀನಿ, ಅವಳು ತನ್ನ ತಪ್ಪು ಅಂತ ಅಂದ್ಕೋತಾಳೆ."

ಅಷ್ಟರಲ್ಲಿ ಚಕ್ರದ ಗಾಡಿ ತಳ್ಳಿಕೊಂಡು ಅಮ್ಮ ಒಳಗೆ ಬಂದರು. ಕೂದಲು ಪೂರಾ ಬೆಳ್ಳಗಾಗಿತ್ತು, ಕೈಗಳು ಹಾಗೇ ಇದ್ದವು.

"ಅಯ್ಯೋ, ಟೀಚರ್! ನಮ್ಮ ಹಬೆ ಕುಡಿಯೋಕೆ ಬಂದ್ರಾ? ಏನೇ, ಟೀಚರಿಗೆ ಒಂದು ಸ್ಟೂಲ್ ಹಾಕೋದು ಬಿಟ್ಟು ನಿಲ್ಲಿಸ್ಕೊಂಡಿದೀಯಲ್ಲ!"

"ಮೈದಾನ ಹೊಸದಾಗಿ ಅಳೆದ್ರಂತೆ ಅಮ್ಮ. ಅದನ್ನೇ ಹೇಳ್ತಿದ್ರು" ಎಂದಳು ಕಡ್ಡಿ.

"ಒಳ್ಳೇದಾಯ್ತು ಬಿಡಿ." ಅಮ್ಮ ಗಾಡಿಗೆ ಒರಗಿ ನಿಂತರು. "ನಿಮ್ಮನ್ನ ಎಷ್ಟು ಸಲ ನೆನೆಸ್ಕೊಂಡಿದೀನಿ ಟೀಚರ್. ಬೇರೆ ಯಾರಾದ್ರೂ ಆಗಿದ್ರೆ, ನಿಮ್ಮ ಮಗಳು ಹಾಗಾಗ್ತಾಳೆ ಹೀಗಾಗ್ತಾಳೆ ಅಂತ ಆಸೆ ಹುಟ್ಟಿಸಿ, ನಾಲ್ಕು ವರ್ಷ ಅಲೆಸಿ, ನಡುನೀರಲ್ಲಿ ಕೈಬಿಡ್ತಿದ್ರು. ನೀವೊಬ್ರೇ ಇದ್ದದ್ದನ್ನ ಇದ್ದಹಾಗೆ ಹೇಳಿದ್ರಿ. ಅವತ್ತು ನೀವು ನಿಜ ಹೇಳದೇ ಇದ್ದಿದ್ರೆ ನಮ್ಮ ಗತಿ ಏನಾಗ್ತಿತ್ತೋ."

ಟೀಚರ್ ಬಾಯಿ ತೆರೆದರು. ಕಡ್ಡಿ ಅವರನ್ನೇ ನೋಡುತ್ತಿದ್ದಳು. ರಾಶಿಯಿಂದ ಒಂದು ಹಾಸಿಗೆಬಟ್ಟೆ ಎಳೆದು, ಎರಡು ಮೂಲೆಗಳನ್ನು ಅವರ ಕೈಗೆ ಕೊಟ್ಟಳು.

"ಆ ತುದಿ ಹಿಡ್ಕೊಳ್ಳಿ ಟೀಚರ್. ಒಬ್ಬರೇ ಮಡಚೋಕೆ ಆಗಲ್ಲ."

ಟೀಚರ್ ಹಿಡಿದುಕೊಂಡರು. ಇಬ್ಬರೂ ಹಿಂದೆ ಸರಿದು ಬಟ್ಟೆಯನ್ನು ಬಿಗಿ ಮಾಡಿದರು, ಮಡಚಿದರು, ಹತ್ತಿರ ಬಂದು ಮೂಲೆಗೆ ಮೂಲೆ ಕೂಡಿಸಿದರು. ಹತ್ತಿರ ಬಂದಾಗ ಕಡ್ಡಿ ತಲೆ ಎತ್ತಲಿಲ್ಲ. ಆಮೇಲೆ ಇನ್ನೊಂದು ಬಟ್ಟೆ ತೆಗೆದುಕೊಂಡಳು. ಅಮ್ಮ ಪಕ್ಕದಲ್ಲಿ ನಿಂತು ಟೀಚರ ಬಗ್ಗೆ ಇನ್ನೂ ಏನೇನೋ ಒಳ್ಳೆಯದನ್ನೇ ಹೇಳುತ್ತಿದ್ದರು.